ದಾರದ ಮೀಸೆ

ಮೊದಲು ಹೋದದ್ದು ಹಳದಿ.

ಕೊಪ್ಪದ ಪೇಟೆಯಲ್ಲಿ ನನ್ನದು ದರ್ಜಿಗಳ ಸಾಮಾನಿನ ಅಂಗಡಿ. ದಾರ, ಗುಂಡಿ, ಜಿಪ್ಪು, ಲೈನಿಂಗ್ ಬಟ್ಟೆ, ಸೀರೆಯ ಫಾಲ್. ಅಬ್ದುಲ್ ಮಜೀದ್ ಎಂದರೆ ಜಯಪುರ, ಕಮ್ಮರಡಿ ಕಡೆಯ ದರ್ಜಿಗಳಿಗೆಲ್ಲ ಗೊತ್ತು. ನನ್ನ ಬಗ್ಗೆ ಅವರಿಗೆ ಇನ್ನೊಂದು ವಿಷಯವೂ ಗೊತ್ತು, ಎದುರಿಗೆ ಯಾರೂ ಹೇಳುವುದಿಲ್ಲ: ನಾನು ಹುಟ್ಟಾ ಸಂಶಯದ ಪ್ರಾಣಿ. ಹಾಲಿನವನು ನಕ್ಕರೆ ಹಾಲಿಗೆ ನೀರು ಬಿದ್ದಿದೆ ಎಂದುಕೊಳ್ಳುತ್ತೇನೆ, ನಗದಿದ್ದರೆ ಹೆಚ್ಚು ಬಿದ್ದಿದೆ ಎಂದುಕೊಳ್ಳುತ್ತೇನೆ. ಹೆಂಡತಿ ರಹೀಮುನ್ನೀಸಾ ಇದನ್ನು ಇಪ್ಪತ್ತಾರು ವರ್ಷ ಸಹಿಸಿಕೊಂಡಿದ್ದಾಳೆ. ಯಾಕೆ ಸಹಿಸಿಕೊಂಡಳು ಎಂಬುದರ ಮೇಲೂ ನನಗೆ ಸ್ವಲ್ಪ ಸಂಶಯವಿದೆ.

ದಾರದ ಪ್ರತಿಯೊಂದು ರೀಲಿನ ಬುಡದಲ್ಲಿ ಕಂಪನಿಯ ಚೀಟಿ ಅಂಟಿಸಿರುತ್ತದಲ್ಲ, ಅದರ ಅಂಚಿನಲ್ಲಿ ನಾನು ಪೆನ್ಸಿಲಿನಿಂದ ಉರ್ದುವಿನ ಒಂದು ಸಣ್ಣ ಮೀಮ್ ಅಕ್ಷರ ಬರೆದಿಡುತ್ತೇನೆ. ಮಜೀದ್‌ನ ಮೊದಲ ಅಕ್ಷರ. ನನ್ನ ಅಂಗಡಿಯ ದಾರ ಎಲ್ಲಿ ಸಿಕ್ಕಿದರೂ ಗುರುತು ಹಿಡಿಯಬಹುದು. ಇಷ್ಟು ವರ್ಷ ಆ ಅಕ್ಷರದಿಂದ ಒಬ್ಬ ಕಳ್ಳನೂ ಸಿಕ್ಕಿರಲಿಲ್ಲ, ಬರೆಯುವುದನ್ನು ನಾನೂ ಬಿಟ್ಟಿರಲಿಲ್ಲ.

ಹಳದಿ ಎರಡು ರೀಲು ಹೋದ ಮರುವಾರ ಕೆಂಪು ಎರಡು ಹೋದವು. ಆಮೇಲೆ ನೀಲಿ ಎರಡು. ರೀಲಿನ ಬೆಲೆ ದೊಡ್ಡದಲ್ಲ, ಅದೇ ನನ್ನನ್ನು ಕಾಡಿದ್ದು. ಕದಿಯುವವನು ಜರಿ ದಾರ ಕದಿಯಬೇಕು, ರೇಷ್ಮೆ ದಾರ ಕದಿಯಬೇಕು. ಮಾಮೂಲಿ ಹೊಲಿಗೆ ದಾರವನ್ನು, ಅದೂ ಬಣ್ಣದ ಪ್ರಕಾರ ಸಾಲಾಗಿ ಕದಿಯುವವನ ತಲೆಯಲ್ಲಿ ಏನೋ ದೊಡ್ಡ ಲೆಕ್ಕಾಚಾರವೇ ಇರಬೇಕು ಎನಿಸಿತು.

ಅಂಗಡಿಯಲ್ಲಿ ಇರುವವರು ಇಬ್ಬರೇ, ನಾನು ಮತ್ತು ಗಣಪತಿ. ಗಣಪತಿ ಕಮ್ಮರಡಿಯವನು. ತನ್ನ ಮದುವೆಗೆ ಮುಂಚೆಯೇ ನನ್ನಲ್ಲಿ ಕೆಲಸಕ್ಕೆ ಸೇರಿದವನು, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಾನೆ. ನಾನು ಮಧ್ಯಾಹ್ನ ನಮಾಜು ಮುಗಿಸಿ ಮನೆಯಲ್ಲಿ ಊಟ ಮಾಡಿ ಬರುವವರೆಗೆ ಅಂಗಡಿ ಅವನ ಕೈಯಲ್ಲಿ. ಬೀಗದ ಕೈ ಒಂದು ನನ್ನಲ್ಲಿ, ಇನ್ನೊಂದು ಅವನಲ್ಲಿ. ನನ್ನ ಮಗಳು ಅಂಬರೀನ್ ಮೊದಲು ಕಲಿತ ಬಣ್ಣಗಳ ಹೆಸರು ಅವನ ಮಡಿಲಲ್ಲಿ ಕೂತು, ದಾರದ ಡಬ್ಬಿ ನೋಡಿ ಕಲಿತದ್ದು. ಅವನ ಮಗಳು ಕಾವ್ಯ ಮತ್ತು ಅಂಬರೀನ್ ಈಗ ಒಂದೇ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಕಂಪ್ಯೂಟರ್ ಓದುತ್ತಾರೆ. ಇಷ್ಟೆಲ್ಲ ಇದ್ದೂ ನನ್ನ ಸಂಶಯ ಅವನ ಮೇಲೆಯೇ ಹೋಯಿತು. ಬೇರೆ ಯಾರೂ ಇರಲಿಲ್ಲವಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡೆ.

ಕರಿ ದಾರದ ಮೂರು ರೀಲು ಒಟ್ಟಿಗೇ ಕಾಣೆಯಾದದ್ದು ಬೆಳಿಗ್ಗೆ ಗೊತ್ತಾದ ದಿನ, ಮಧ್ಯಾಹ್ನ ಊಟ ಅರ್ಧಕ್ಕೆ ಬಿಟ್ಟು ಅಂಗಡಿಗೆ ಬಂದೆ. ಜಯಪುರದ ಒಬ್ಬ ದರ್ಜಿ ನಿಂತಿದ್ದ, ಬ್ಲೌಸಿಗೆ ಲೈನಿಂಗ್ ಹೊಂದಿಸುತ್ತಿದ್ದ ಒಬ್ಬ ಹೆಂಗಸಿದ್ದಳು. ಅವರು ಹೋಗುವವರೆಗೆ ಕಾಯಬಹುದಿತ್ತು. ನಾನು ಕಾಯಲಿಲ್ಲ. ಮೂಲೆಯಲ್ಲಿ ನೇತು ಹಾಕಿದ್ದ ಗಣಪತಿಯ ಚೀಲ ತೋರಿಸಿ, ಅದನ್ನು ಸ್ವಲ್ಪ ಬಿಚ್ಚು ಎಂದೆ.

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಚೀಲ ತಂದು, ಒಳಗಿದ್ದದ್ದನ್ನು ಒಂದೊಂದಾಗಿ ತೆಗೆದು ಕೌಂಟರಿನ ಮೇಲೆ ಇಟ್ಟ. ಊಟದ ಡಬ್ಬಿ, ಕೊಡೆ, ಮಡಚಿದ ಟವೆಲು, ಬಿಪಿ ಮಾತ್ರೆಯ ಅರ್ಧ ಪಟ್ಟಿ. ಗಿರಾಕಿಗೆ ಮಾಲು ತೋರಿಸುವ ಹಾಗೆ ಸಾಲಾಗಿ ಇಟ್ಟು, ಕೊನೆಗೆ ಚೀಲ ತಲೆಕೆಳಗು ಮಾಡಿ ಕೊಡವಿದ. ಏನೂ ಬೀಳಲಿಲ್ಲ. ದರ್ಜಿ ಗುಂಡಿಗಳ ಡಬ್ಬಿಯನ್ನೇ ನೋಡುತ್ತಾ ನಿಂತ.

ಅಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು.

“ಇವತ್ತು ಇಲ್ಲ,” ಎಂದೆ. “ನಿನ್ನೆ ಮೊನ್ನೆದು ಎಲ್ಲಿಗೆ ಹೋಯ್ತು ಮಾರಾಯ?”

ಗಣಪತಿ ಸಾಮಾನನ್ನೆಲ್ಲ ಚೀಲಕ್ಕೆ ಮರಳಿ ತುಂಬಿದ. “ನಾನು ತಗೊಂಡಿಲ್ಲ ಮಜೀದಣ್ಣ. ಅದಕ್ಕಿಂತ ಹೆಚ್ಚು ನಾನೆಂತದೂ ಹೇಳೂದಿಲ್ಲ.”

ಆ ಎರಡನೆಯ ಮಾತನ್ನು ನಾನು ಹಿಡಿದುಕೊಂಡೆ. ಹೇಳುವುದು ಇರುವವನಲ್ಲವೇ ಹೇಳುವುದಿಲ್ಲ ಎನ್ನುವುದು? ಹಾಗೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಜೇಬಿನಿಂದ ಬೀಗದ ಕೈ ತೆಗೆದು ಕೌಂಟರಿನ ಮೇಲಿಟ್ಟು ಇಳಿದು ಹೋದ. ಅವನ ಬಸ್ಸಿಗೆ ಇನ್ನೂ ಎರಡೂವರೆ ಗಂಟೆಯಿತ್ತು. ಅಷ್ಟು ಹೊತ್ತು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಿದ್ದನೆಂದು ಆಮೇಲೆ ಯಾರೋ ಹೇಳಿದರು.

ಮನೆಯಲ್ಲಿ ನಾನು ಸುಳ್ಳು ಹೇಳಿದೆ. ಗಣಪತಿಗೆ ಮಂಡಿನೋವು, ಕೆಲವು ದಿನ ರಜೆ ಎಂದೆ. ಅಂಬರೀನ್ ಮುಖದಲ್ಲಿ ಒಂದು ಕ್ಷಣ ನಿರಾಳ ಕಂಡಿತು. ಯಾಕೆ ನಿರಾಳ? ಅದನ್ನೂ ಗಂಟು ಕಟ್ಟಿ ಇಟ್ಟುಕೊಂಡೆ.

ಮಗಳ ಕೋಣೆಯಿಂದ ನಂಬರುಗಳು ನನ್ನ ಕಿವಿಗೆ ಬಿದ್ದದ್ದು ಆ ವಾರವೇ. ಗಣಪತಿ ಇಲ್ಲದ್ದರಿಂದ ಮಧ್ಯಾಹ್ನ ಅಂಗಡಿ ಮುಚ್ಚಿ ಮನೆಗೆ ಬಂದು, ಊಟದ ಮೇಲೆ ಸ್ವಲ್ಪ ಅಡ್ಡಾಗುತ್ತಿದ್ದೆ. ಮುಚ್ಚಿದ ಬಾಗಿಲಿನ ಆಚೆ ಫೋನಿನಲ್ಲಿ ಒಬ್ಬ ಹೆಂಗಸು ಒಂದೇ ದನಿಯಲ್ಲಿ ಹೇಳುತ್ತಿದ್ದಳು: ನೂರ ಎಂಬತ್ತೊಂದು. ಮೂವತ್ತಾರು. ಇನ್ನೂರ ಹದಿನಾಲ್ಕು. ಒಂಬತ್ತು. ಪ್ರತಿ ನಂಬರಿನ ನಂತರ ಸಣ್ಣದಾಗಿ ಟಕ್ ಎಂಬ ಶಬ್ದ. ಮಟ್ಕಾ ಎಂದುಕೊಂಡೆ. ಆದರೆ ಮಟ್ಕಾದಲ್ಲಿ ಇನ್ನೂರ ಹದಿನಾಲ್ಕು ಎಲ್ಲಿಂದ ಬರಬೇಕು? ಹಾಗಾದರೆ ಇದು ಯಾವುದೋ ಗುಟ್ಟಿನ ಭಾಷೆ. ಕೇಳಿದ್ದಕ್ಕೆ ರಹೀಮುನ್ನೀಸಾ, ಕಾಲೇಜಿನ ಪ್ರಾಜೆಕ್ಟಂತೆ, ನಿಮಗೆ ಬೇರೆ ಕೆಲಸವಿಲ್ಲವೇ ಎಂದಳು. ಮನೆಯಲ್ಲಿ ನಮ್ಮ ಮಾತು ಉರ್ದು, ಜಗಳ ಮಾತ್ರ ಕನ್ನಡದಲ್ಲಿ. ಅವಳು ಇದನ್ನು ಕನ್ನಡದಲ್ಲಿ ಹೇಳಿದಳು.

ಮರುದಿನ ಮಗಳು ಕಾಲೇಜಿಗೆ ಹೋದ ಮೇಲೆ ಕೋಣೆಗೆ ನುಗ್ಗಿದೆ. ಮೇಜಿನ ಮೇಲೆ ಬಿಳಿ ಬಣ್ಣ ಬಳಿದ ಒಂದು ದುಂಡು ಪ್ಲೈವುಡ್ ಹಲಗೆ ಇತ್ತು. ಅಂಚಿನ ಸುತ್ತ ಇನ್ನೂರ ನಲವತ್ತು ಸಣ್ಣ ಮೊಳೆಗಳು, ಪ್ರತಿ ಹತ್ತನೆಯ ಮೊಳೆಯ ಪಕ್ಕ ನಂಬರು. ಮೊಳೆಯಿಂದ ಮೊಳೆಗೆ ಅಡ್ಡಾದಿಡ್ಡಿ ಎಳೆದ ಸಾವಿರಾರು ದಾರದ ಗೆರೆಗಳು. ಹಳದಿಯ ಮೇಲೆ ಕೆಂಪು, ಕೆಂಪಿನ ಮೇಲೆ ನೀಲಿ, ಈಗ ಕರಿ ನಡೆಯುತ್ತಿತ್ತು. ಕಸದ ಬುಟ್ಟಿಯಲ್ಲಿ ಖಾಲಿ ರೀಲುಗಳಿದ್ದವು. ಒಂದನ್ನು ಹೆಕ್ಕಿ ಬುಡ ತಿರುಗಿಸಿದೆ. ನನ್ನ ಮೀಮ್ ನನ್ನನ್ನೇ ನೋಡುತ್ತಿತ್ತು.

ದಾರದ ವ್ಯಾಪಾರಿಗೆ ಒಂದು ಅಭ್ಯಾಸವಿರುತ್ತದೆ. ಗಿರಾಕಿ ತಂದ ಬಟ್ಟೆಯನ್ನೂ ನಮ್ಮ ರೀಲನ್ನೂ ಬಾಗಿಲ ಬೆಳಕಿಗೆ ಒಯ್ದು, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಬಣ್ಣ ಹೊಂದಿಸುವುದು. ಮೂವತ್ತು ವರ್ಷ ಹಾಗೆಯೇ ನೋಡಿದವನು ಆ ಹಲಗೆಯ ಮೇಲೂ ಹಾಗೆಯೇ ಬಗ್ಗಿದೆ. ಕೆಂಪು ಕಂಪನಿಯ ನಲವತ್ತೆರಡನೇ ನಂಬರಿನ ಶೇಡು ಎಂದು ಗೊತ್ತಾಯಿತು, ನೀಲಿಯಲ್ಲಿ ಒಂದು ಕಡೆ ಗಂಟು ಬಿದ್ದಿದೆ ಎಂದು ಗೊತ್ತಾಯಿತು. ಇದೇನು ವಸ್ತು ಎಂದು ಮಾತ್ರ ಗೊತ್ತಾಗಲಿಲ್ಲ. ಅಷ್ಟರಲ್ಲಿ ಅಡುಗೆಮನೆಯಿಂದ ಹೆಂಡತಿಯ ಹೆಜ್ಜೆ ಕೇಳಿಸಿ ಬಾಗಿಲಿನವರೆಗೆ ಹಿಂದೆ ಸರಿದೆ, ಹೊರಡುವ ಮೊದಲು ಒಮ್ಮೆ ತಿರುಗಿ ನೋಡಿದೆ. ಆಗ ಮೀಸೆ ಕಂಡಿತು. ದಪ್ಪ, ಕಪ್ಪು ಮೀಸೆ, ಮೇಲೆ ಒತ್ತಾದ ಕೂದಲು. ನಡುವೆ ಇನ್ನೂ ಮಂಜು.

ಗಂಡಸು! ನನ್ನ ಮನೆಯಲ್ಲಿ, ನನ್ನ ಮಗಳ ಕೋಣೆಯಲ್ಲಿ, ನನ್ನ ಅಂಗಡಿಯ ದಾರದಲ್ಲಿ.

ಇಲ್ಲಿ ನಿಲ್ಲಿಸಿ ಒಂದು ಮಾತು ಒಪ್ಪಿಕೊಳ್ಳಬೇಕು. ರೀಲು ಮಗಳ ಕೋಣೆಯಲ್ಲಿ ಸಿಕ್ಕಿತು ಎಂದರೆ ಗಣಪತಿ ಕಳ್ಳನಲ್ಲ. ಸರಿಯಾದ ತಲೆ ಇರುವ ಯಾರಾದರೂ ಆ ಕ್ಷಣವೇ ಕಮ್ಮರಡಿಯ ಬಸ್ಸು ಹತ್ತುತ್ತಿದ್ದರು. ನನ್ನ ತಲೆ ಇನ್ನೊಂದು ದಾರಿ ಹಿಡಿಯಿತು. ರೀಲು ಕೊಟ್ಟದ್ದು ಗಣಪತಿ, ಹೆಚ್ಚು ಹೇಳುವುದಿಲ್ಲ ಎಂದದ್ದೂ ಗಣಪತಿ. ಅಂದರೆ ಈ ಮೀಸೆಯವನಿಗೂ ನನ್ನ ಮಗಳಿಗೂ ನಡುವೆ ಓಡಾಡುವವನು ಅವನೇ. ಕಳ್ಳ ಎಂದು ಬೈದದ್ದು ಕಡಿಮೆಯಾಯಿತು ಅನಿಸಿತು. ಈಗ ಬರೆಯುವಾಗ ಕೈ ನಾಚುತ್ತದೆ, ಆದರೆ ಅನಿಸಿದ್ದು ಅದೇ.

ಮುಂದಿನ ಎಂಟು ದಿನ ನಾನು ಕೊಪ್ಪದ ಮೀಸೆಗಳನ್ನು ನೋಡಿದೆ. ಬ್ಯಾಂಕಿಗೆ ಹೊಸದಾಗಿ ಬಂದ ಗುಮಾಸ್ತನ ಮೀಸೆ ನೋಡಲು ಬೇಡದ ಚೆಕ್‌ಬುಕ್ಕಿಗೆ ಅರ್ಜಿ ಹಾಕಿದೆ. ಜಯಪುರ ಬಸ್ಸಿನ ಕಂಡಕ್ಟರನ ಮೀಸೆ ಹತ್ತಿರದಿಂದ ನೋಡಲು ಸುಮ್ಮನೆ ಜಯಪುರಕ್ಕೆ ಹೋಗಿ ಬಂದೆ. ಕಾಲೇಜಿನ ಗೇಟಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ನನ್ನ ಆಧಾರ್ ಕಾರ್ಡಿನ ಇಪ್ಪತ್ತು ಪ್ರತಿ ಮಾಡಿಸಿದೆ, ಲೆಕ್ಚರರುಗಳು ಒಬ್ಬೊಬ್ಬರಾಗಿ ಹೊರಗೆ ಬರುವವರೆಗೆ. ಈಗಿನ ಹುಡುಗರೆಲ್ಲ ಗಡ್ಡ ಬಿಡುತ್ತಾರೆ, ಬರೀ ಮೀಸೆ ಬಿಡುವವರು ಕಡಿಮೆ. ಇರುವ ಕೆಲವರದ್ದು ತೆಳ್ಳಗೆ. ಆ ದಪ್ಪ ಮೀಸೆ ಊರಿನಲ್ಲಿ ಎಲ್ಲಿಯೂ ಸಿಗಲಿಲ್ಲ. ಸಿಗದಷ್ಟೂ ನನಗೆ ಆತ ಹೆಚ್ಚು ಚಾಲಾಕಿ ಎನಿಸುತ್ತಾ ಹೋಯಿತು. ಅಂಗಡಿಯಲ್ಲಿ ಜಿಪ್ಪು ಯಾವ ಡಬ್ಬಿಯಲ್ಲಿದೆ ಎಂದು ತಿಳಿಯದೆ ಗಿರಾಕಿಗಳು ಕಾದು ಕಾದು ಹೋಗುತ್ತಿದ್ದರು. ಆ ಡಬ್ಬಿಗಳನ್ನು ಜೋಡಿಸಿದವನು ಗಣಪತಿ.

ಒಂಬತ್ತನೆಯ ದಿನ ಮನೆಗೆ ಬಂದಾಗ ಕೋಣೆಯ ಬಾಗಿಲು ತೆರೆದಿತ್ತು, ನಂಬರು ಕೇಳಿಸುತ್ತಿರಲಿಲ್ಲ. ಒಳಗೆ ಅಂಬರೀನ್ ಮತ್ತು ಕಾವ್ಯ ಕೂತಿದ್ದರು. ಕಾವ್ಯಳ ಕಣ್ಣು ಕೆಂಪಾಗಿತ್ತು. ಹಲಗೆಯ ಮೇಲೆ ಕರಿ ದಾರದ ತುದಿ ಒಂದು ಮೊಳೆಗೆ ಸಿಕ್ಕಿಸಿ ಹಾಗೇ ನೇತಾಡುತ್ತಿತ್ತು. ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲವೆಂದು ನಾನು ಹೊಸ್ತಿಲಲ್ಲೇ ನಿಂತು, ಇದು ಯಾರ ಮೀಸೆ ಎಂದು ಕೇಳಿದೆ.

ಅಂಬರೀನ್ ಎದ್ದಳು. ಹಲಗೆಯನ್ನು ಎರಡೂ ಕೈಯಲ್ಲಿ ಎತ್ತಿ ಹಜಾರಕ್ಕೆ ತಂದು ಆ ತುದಿಯ ಗೋಡೆಗೆ ಒರಗಿಸಿ ನಿಲ್ಲಿಸಿದಳು. ಆಮೇಲೆ ನನ್ನ ತೋಳು ಹಿಡಿದು ಅಡುಗೆಮನೆಯ ಬಾಗಿಲವರೆಗೆ ಹಿಂದಕ್ಕೆ ನಡೆಸಿದಳು. ಹತ್ತು ಹನ್ನೆರಡು ಅಡಿ ಇರಬಹುದು.

“ಈಗ ನೋಡಿ ಅಬ್ಬಾ.”

ಗೆರೆಗಳೆಲ್ಲ ಕರಗಿದವು. ಹಳದಿ, ಕೆಂಪು, ನೀಲಿ ಸೇರಿ ಗೋಧಿ ಬಣ್ಣದ ಕೆನ್ನೆಯಾದವು. ಎಡಕ್ಕೆ ಸ್ವಲ್ಪ ವಾಲಿದ ಮೂಗು, ನಗಬೇಕೋ ಬೇಡವೋ ಎಂದು ಮುಚ್ಚಿದ ಬಾಯಿ, ಅದರ ಮೇಲೆ ದಪ್ಪ ಮೀಸೆ. ಇಪ್ಪತ್ತೈದು ವರ್ಷದ ಹಿಂದೆ ಒಂದು ಬೆಳಿಗ್ಗೆ ನನ್ನ ಅಂಗಡಿಯ ಮೆಟ್ಟಿಲ ಕೆಳಗೆ ನಿಂತು, ಕೆಲಸ ಇದೆಯಾ ಎಂದು ಕೇಳಿದ ಮುಖ. ಹೋದ ವರ್ಷ ತಾಯಿ ತೀರಿಕೊಂಡಾಗ ಗಣಪತಿ ಕರ್ಮಕ್ಕೆ ತಲೆ, ಮೀಸೆ ಬೋಳಿಸಿದ್ದ. ತಲೆಗೂದಲು ಬಂತು, ಮೀಸೆ ಮತ್ತೆ ಬಿಡಲಿಲ್ಲ. ಬರೀ ಒಂದು ವರ್ಷದಲ್ಲಿ ನಾನು ಆ ಮೀಸೆಯನ್ನು ಮರೆತಿದ್ದೆ.

ಕಾವ್ಯ ಆಗ ಮಾತಾಡಿದಳು. ಈ ತಿಂಗಳಿಗೆ ಅಪ್ಪ ಅಂಗಡಿ ಸೇರಿ ಇಪ್ಪತ್ತೈದು ವರ್ಷ, ಅಂಗಡಿಯಲ್ಲಿ ಹಾಕಲೆಂದು ಇಬ್ಬರೂ ಸೇರಿ ಮಾಡುತ್ತಿದ್ದರು. ಹಳೆಯ ಪಾಸ್‌ಪೋರ್ಟ್ ಸೈಜಿನ ಫೋಟೋ ಹುಡುಕಿ ತಂದವಳು ಅವಳು, ಪ್ರೋಗ್ರಾಮ್ ಬರೆದವಳು ಅಂಬರೀನ್. ಮಧ್ಯಾಹ್ನ ನಾನಿಲ್ಲದಾಗ ಹೋಗಿ ರೀಲು ತೆಗೆದುಕೊಂಡವಳೂ ಅಂಬರೀನೇ. ಅಬ್ಬಾನಿಗೆ ಈಗಲೇ ಹೇಳಬೇಡಿ ಎಂದು ಗಣಪತಿ ಮಾಮನ ಹತ್ತಿರ ಮಾತು ತೆಗೆದುಕೊಂಡಿದ್ದಳು. ಅವನು ರಜೆ ಎಂದಾಗ ಅವಳಿಗೆ ನಿರಾಳವಾದದ್ದು, ಚಿತ್ರ ಮುಗಿಯುವವರೆಗೆ ಗುಟ್ಟು ಬಾಯಿ ಜಾರುವ ಭಯವಿಲ್ಲ ಎಂದು. ದಾರ ಯಾಕೆಂದು ಅವನಿಗೂ ಹೇಳಿರಲಿಲ್ಲ. ಅವನು ಕೇಳಿರಲೂ ಇಲ್ಲ. ಮನೆಯಲ್ಲಿ ಗಣಪತಿ ನಡೆದದ್ದರ ಬಗ್ಗೆ ಬಾಯಿ ಬಿಟ್ಟಿರಲಿಲ್ಲ, ಕೆಲವು ದಿನ ರಜೆ ಎಂದಷ್ಟೇ ಹೇಳಿದ್ದ. ಚೀಲ ಬಿಚ್ಚಿಸಿದ ಸುದ್ದಿ ಕಾವ್ಯಳಿಗೆ ತಲುಪಿದ್ದು ಅವತ್ತು ಬೆಳಿಗ್ಗೆ, ಬಸ್ಸಿನಲ್ಲಿ, ಆ ದರ್ಜಿಯಿಂದ.

ನಾನು ಕೂತೆ. ಏನಾದರೂ ಕೇಳಬೇಕೆಂದು, ಕಂಪ್ಯೂಟರಿಗೆ ಗಣಪತಿಯ ಮೂಗು ಹೇಗೆ ಗೊತ್ತಾಯಿತು ಎಂದು ಕೇಳಿದೆ.

“ಅದಕ್ಕೆ ಮೂಗು ಮೀಸೆ ಎಂತದೂ ಗೊತ್ತಿಲ್ಲ ಅಬ್ಬಾ,” ಎಂದಳು ಅಂಬರೀನ್. “ಈಗ ಇರೂ ಮೊಳೆಯಿಂದ ಎಲ್ಲಾ ಮೊಳೆಗೂ ಗೆರೆ ಎಳ್ದು ನೋಡ್ತದೆ. ಫೋಟೋಕ್ಕೆ ಯಾವ್ದು ಹೆಚ್ಚು ಹತ್ರ ಬರ್ತದೋ ಅದನ್ನ ಇಟ್ಕೊಳ್ತದೆ. ಒಂದು ಗೆರೆ ಆದ್ಮೇಲೆ ತಪ್ಪು ಎಷ್ಟು ಉಳೀತು ಅಂತ ಮತ್ತೆ ಮೊದಲಿಂದ ನೋಡ್ತದೆ. ಮೂರು ಸಾವಿರ ಸಲ.”

ಅವಳು ನನಗೆ ಚುಚ್ಚಿ ಹೇಳಿದ್ದಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟಳು ಅಷ್ಟೇ. ಆದರೆ ಚುಚ್ಚಿತು. ನಾನೂ ಮೊಳೆಯಿಂದ ಮೊಳೆಗೆ ಗೆರೆ ಎಳೆದವನೇ. ತಪ್ಪು ಎಷ್ಟು ಉಳಿಯಿತು ಎಂದು ಒಂದು ಸಲವೂ ನೋಡಿರಲಿಲ್ಲ.

ಉಳಿದ ನಾನೂರು ಗೆರೆಗಳನ್ನು ಮುಗಿಸಲು ಹುಡುಗಿಯರಿಗೆ ಮನಸ್ಸಿರಲಿಲ್ಲ. ಚಿತ್ರದ ಕಣ್ಣುಗಳು ಇನ್ನೂ ತೆಳ್ಳಗಿದ್ದವು. ಎರಡು ದಿನ ಅಂಗಡಿ ಮುಚ್ಚಿ ನಾನೇ ಕೂತೆ. ಫೋನು ಮುಂದಿನ ಮೊಳೆಯ ನಂಬರು ಹೇಳುತ್ತಿತ್ತು, ನಾನು ಕರಿ ದಾರ ಒಯ್ದು ಆ ಮೊಳೆಗೆ ಸುತ್ತುತ್ತಿದ್ದೆ. ಹತ್ತಿರದಿಂದ ಏನೂ ಕಾಣಿಸುತ್ತಿರಲಿಲ್ಲ. ಪ್ರತಿ ಇಪ್ಪತ್ತು ಗೆರೆಗೊಮ್ಮೆ ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ ನೋಡಿ ಬರುತ್ತಿದ್ದೆ. ರಹೀಮುನ್ನೀಸಾ ದಾರಿ ಬಿಟ್ಟು ನಿಲ್ಲುತ್ತಿದ್ದಳು, ಒಂದು ಮಾತೂ ಆಡುತ್ತಿರಲಿಲ್ಲ, ಕನ್ನಡದಲ್ಲಿ ಕೂಡ.

ಹಲಗೆಯನ್ನು ಬೆಡ್‌ಶೀಟಿನಲ್ಲಿ ಸುತ್ತಿ ಆಟೋದಲ್ಲಿ ಕಮ್ಮರಡಿಗೆ ಒಯ್ದೆ. ಗಣಪತಿ ಅಂಗಳದಲ್ಲಿ ಸೌದೆ ಒಡೆಯುತ್ತಿದ್ದ. ನನ್ನನ್ನು ಕಂಡು ಕೊಡಲಿ ಬದಿಗಿಟ್ಟು ಕುರ್ಚಿ ತಂದು ಹಾಕಿದ. ಅವನ ಹೆಂಡತಿ ಗೋದಾವರಿ ಮುಖ ನೋಡಲಿಲ್ಲ, ಆದರೂ ನೀರು ಬೆಲ್ಲ ತಂದಿಟ್ಟರು. ಮನೆಗೆ ಬಂದವನಿಗೆ ಕೊಡಬೇಕಾದ್ದು ಅದು, ಬಂದವನು ಯಾರೇ ಆಗಿರಲಿ. ತಪ್ಪಾಯಿತು ಎಂದೆ. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಆ ಒಂದು ಮಾತಿನಲ್ಲಿ ಮುಗಿದು ಹೋಯಿತು.

ಗಣಪತಿ ಬೆಡ್‌ಶೀಟು ಬಿಚ್ಚಿದ. ಅವನೂ ದಾರದ ಅಂಗಡಿಯವನೇ ಅಲ್ಲವೇ, ಬಗ್ಗಿ ಮೂಗು ತಾಗುವಷ್ಟು ಹತ್ತಿರದಿಂದ ನೋಡಿ, ಕೆಂಪು ನಲವತ್ತೆರಡು ಎಂದ. ಆಮೇಲೆ ಬಾಗಿಲಲ್ಲಿ ನಿಂತಿದ್ದ ಕಾವ್ಯ ಹೇಳಿದಂತೆ ಅಂಗಳದ ಕೊನೆಗೆ ಹೋಗಿ ನಿಂತ. ಕೈ ತನ್ನಷ್ಟಕ್ಕೆ ಮೇಲ್ದುಟಿಗೆ ಹೋಯಿತು.

ಇದು ನೀನೆಂದು ನನಗೆ ಗೊತ್ತಾಗಲಿಲ್ಲ, ಊರೆಲ್ಲ ಮೀಸೆ ಹುಡುಕಿದೆ ಎಂದು ಅದನ್ನೂ ಹೇಳಿಬಿಟ್ಟೆ. ಅವನು ನಗಬಹುದೆಂಬ ಆಸೆಯಿತ್ತು.

“ಈ ದಾರ ನೋಡಿ ನಾನು ಅಂತ ಗೊತ್ತಾಗ್ಲಿಲ್ಲ ಅಂದ್ರೆ ಅದಕ್ಕೆ ಬೇಜಾರಿಲ್ಲ ಮಜೀದಣ್ಣ,” ಎಂದ. “ಇಪ್ಪತ್ತೈದು ವರ್ಷ ನನ್ನನ್ನೇ ನೋಡಿದ್ರಲ್ಲ. ಆಗ್ಲೂ ಗೊತ್ತಾಗ್ಲಿಲ್ವಲ್ಲ.”

ನಾನು ಬೀಗದ ಕೈ ತೆಗೆದು ಮುಂದೆ ಹಿಡಿದೆ. ಅವನು ತೆಗೆದುಕೊಳ್ಳಲಿಲ್ಲ. ಜಯಪುರದ ಒಂದು ಬಟ್ಟೆ ಅಂಗಡಿಯಲ್ಲಿ ಸೋಮವಾರದಿಂದ ಬಾ ಎಂದಿದ್ದಾರೆ, ಒಪ್ಪಿಕೊಂಡಾಗಿದೆ ಎಂದ. ಚಿತ್ರವನ್ನು ಮಕ್ಕಳು ಅಂಗಡಿಗೆಂದು ಮಾಡಿದ್ದು, ಅಲ್ಲಿಯೇ ಇರಲಿ ಎಂದು ತಾನೇ ಮತ್ತೆ ಬೆಡ್‌ಶೀಟು ಸುತ್ತಿ ಆಟೋದಲ್ಲಿ ಇಟ್ಟುಕೊಟ್ಟ.

ಚಿತ್ರ ಈಗ ಅಂಗಡಿಯ ಹಿಂದಿನ ಗೋಡೆಯ ಮೇಲಿದೆ, ಬಾಗಿಲಿನಿಂದ ಸರಿಯಾಗಿ ಹನ್ನೆರಡು ಅಡಿ ದೂರ. ಒಳಗೆ ಕಾಲಿಟ್ಟ ದರ್ಜಿಗಳು ನೋಡಿ ಗಾಬರಿಯಾಗುತ್ತಾರೆ, ಯಾವಾಗ ಹೋದರು ಎಂದು ಕೇಳುತ್ತಾರೆ. ಬದುಕಿದ್ದಾನೆ, ಜಯಪುರದಲ್ಲಿದ್ದಾನೆ ಎನ್ನುತ್ತೇನೆ. ಬದುಕಿರುವವರ ಫೋಟೋ ಗೋಡೆಗೆ ಯಾಕೆ ಎಂದರೆ, ಇಲ್ಲಿ ಇಲ್ಲವಲ್ಲ ಅದಕ್ಕೆ ಎನ್ನುತ್ತೇನೆ. ರೀಲುಗಳ ಬುಡದಲ್ಲಿ ಮೀಮ್ ಬರೆಯುವುದನ್ನು ಬಿಟ್ಟಿದ್ದೇನೆ.

ಎರಡು ತಿಂಗಳಾದ ಮೇಲೆ ಒಂದು ಸಂಜೆ ಗಣಪತಿ ಬಂದ. ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತು ಗೋಡೆಯ ಕಡೆ ಒಮ್ಮೆ ನೋಡಿದ. ಮೀಸೆ ಮತ್ತೆ ಬಿಟ್ಟಿದ್ದ, ಅರ್ಧಕ್ಕರ್ಧ ಬೆಳ್ಳಗಾಗಿತ್ತು. ಬೀಗದ ಕೈ ಗಲ್ಲಾಪೆಟ್ಟಿಗೆಯಲ್ಲೇ ಇತ್ತು, ಕೈ ಅಲ್ಲಿಗೆ ಹೋಯಿತು. ಗೋದಾವರಿಯ ಹೊಲಿಗೆ ಮೆಷಿನ್ನಿಗೆ ಒಂದು ರೀಲು ಕರಿ ದಾರ ಬೇಕು ಎಂದ. ಕೊಟ್ಟೆ. ದುಡ್ಡು ಬೇಡ ಎಂದರೂ ಕೌಂಟರಿನ ಮೇಲೆ ಇಟ್ಟ. ಆಮೇಲೆ ಮೆಲ್ಲಗೆ, “ಬಿಲ್ ಕೊಡಿ ಮಜೀದಣ್ಣ,” ಎಂದ.

ಅವನು ಹೋದ ಮೇಲೆ ನಾನು ಬಿಲ್‌ಬುಕ್ಕು ತೆರೆದೇ ಇರಲಿಲ್ಲ, ಹಿಂದಿನ ಹಾಳೆಗಳೆಲ್ಲ ಅವನ ಅಕ್ಷರದಲ್ಲೇ ಇದ್ದವು. ಅದರ ಮುಂದಿನ ಹಾಳೆಯಲ್ಲಿ ನಾನು ಅವನ ಹೆಸರು ಬರೆದು, ಕರಿ ದಾರ ಒಂದು ಎಂದು ಬರೆದು ಹರಿದುಕೊಟ್ಟೆ. ಅವನು ಓದಿ ನೋಡಿ ಮಡಚಿದ. ರೀಲನ್ನೂ ಬಿಲ್ಲನ್ನೂ ಚೀಲಕ್ಕೆ ಹಾಕಿ, ಚೀಲದ ಬಾಯಿ ಅಗಲಿಸಿ ನನ್ನ ಕಡೆ ಹಿಡಿದ. ಸಿಟ್ಟಿನಿಂದ ಹಿಡಿದದ್ದಲ್ಲ. ನಾನು ನೋಡುವವರೆಗೂ ಹಿಡಿದೇ ಇದ್ದ.

ನೋಡಿದೆ. ಊಟದ ಡಬ್ಬಿ, ಕೊಡೆ, ಟವೆಲು, ಒಂದು ರೀಲು ಕರಿ ದಾರ ಮತ್ತು ನನ್ನ ಕೈಬರಹದ ಬಿಲ್ಲು ಇದ್ದವು.